ಎರಡು ಊರಿನ ಬೋರ್ಡು

ಜನವರಿ ೧೬, ೨೦೦೦

ಸೊಸೆ ಶ್ರೀಲಕ್ಷ್ಮಿ ತನ್ನ ಬ್ಯಾಂಕಿನಿಂದ ಒಂದು ಡೈರಿ ತಂದು ಕೈಗಿಟ್ಟಳು. “ಮಾವಾರ, ನಿಮಗ ಹೇಳಬೇಕನ್ಸಿದ್ದೆಲ್ಲಾ ಇದರಾಗ ಬರದು ಬಿಡ್ರಿ” ಅಂದಳು. ಅಂದರೆ ಅವಳಿಗೆ ಹೇಳಬೇಡಿ ಎಂದರ್ಥ. ಅವಳದೇನೂ ತಪ್ಪಿಲ್ಲ. ಹೆಂಡತಿ ಸುಭದ್ರಾ ತೀರಿಕೊಂಡ ಮೇಲೆ ನನ್ನ ಮಾತು ಪ್ಯಾಸೆಂಜರ್ ಗಾಡಿಯ ಹಾಗೆ ಕಂಡಕಂಡಲ್ಲಿ ನಿಲ್ಲುತ್ತದೆ, ಇಳಿಯುವವರು ಮಾತ್ರ ಯಾರೂ ಇಲ್ಲ.

ಇವತ್ತು ಬರೆಯಲು ವಿಷಯವಿದೆ. ಮೊಮ್ಮಗಳು ಮೃಣಾಲಿನಿಗೆ ಡಾಕ್ಟರ್ ಆಗಬೇಕಂತೆ. ಇಂಟರ್, ಅಂದರೆ ಪಿಯುಸಿ, ಎರಡನೇ ವರ್ಷದಲ್ಲಿದ್ದಾಳೆ. ಹೈದರಾಬಾದಿಗೆ ಹೈದರಾಬಾದೇ ಕಂಪ್ಯೂಟರಿನ ಕಡೆ ಓಡುತ್ತಿರುವಾಗ ಇವಳೊಬ್ಬಳು ಕಪ್ಪೆ ಕೊಯ್ಯುತ್ತೇನೆ ಅನ್ನುತ್ತಾಳೆ. ಅಮೀರ್‌ಪೇಟೆಯಲ್ಲಿ ಬಸ್ಸಿಳಿದರೆ ಸಾಕು, ಗೋಡೆಯ ತುಂಬ ಜಾವಾ, ಒರಾಕಲ್. ಶ್ರೀಲಕ್ಷ್ಮಿಗೂ ಅದೇ ಆಸೆ. ಮಗ ರವಿಕಿರಣ ವಿಶಾಖಪಟ್ಟಣದ ಕಾರ್ಖಾನೆಯಲ್ಲಿದ್ದಾನೆ. ಫೋನಿನಲ್ಲಿ “ಅಕಿ ಇಷ್ಟ” ಎಂದಷ್ಟೇ ಹೇಳಿ ಇಟ್ಟುಬಿಡುತ್ತಾನೆ.

ಊಟಕ್ಕೆ ಕೂತಾಗ ತಾಯಿ ಮಗಳಿಗೆ ಜಟಾಪಟಿ.

“ಎಂಸೆಟ್ ಬರಿಯೋರು ಎಷ್ಟು ಮಂದಿ ಗೊತ್ತದ ಏನು? ಮೆಡಿಕಲ್ ಸೀಟ್ ಎಷ್ಟವ ಗೊತ್ತದ ಏನು?”

“ಗೊತ್ತದಮ್ಮಾ. ನನಗ ಒಂದ ಸೀಟ್ ಸಾಕು, ಎರಡು ಬ್ಯಾಡ.”

ಉತ್ತರ ನನಗೆ ಹಿಡಿಸಿತು. ಅಲ್ಲೇ ಘೋಷಿಸಿಬಿಟ್ಟೆ: ಇವಳ ಅರ್ಜಿಯ ಜವಾಬ್ದಾರಿ ನನ್ನದು. ಮೂವತ್ತು ವರ್ಷ ಸಿಕಂದರಾಬಾದಿನಲ್ಲಿ ಸೆಕ್ಷನ್ ಕಂಟ್ರೋಲರ್ ಆಗಿದ್ದವನು ನಾನು. ಕಿವಿಗೆ ಫೋನು, ಮುಂದೆ ಚಾರ್ಟು. ಯಾವ ಗಾಡಿ ಮುಂದೆ, ಯಾವ ಗಾಡಿ ಪಕ್ಕದ ಲೂಪ್ ಲೈನಿನಲ್ಲಿ ನಿಂತು ದಾರಿ ಬಿಡಬೇಕು ಎಂದು ಕೂತಲ್ಲಿಂದಲೇ ತೀರ್ಮಾನ ಮಾಡಿದವನು. ಕಾಜೀಪೇಟೆಯಿಂದ ಕರ್ನೂಲಿನವರೆಗೆ ನಾನು ಹೂಂ ಅನ್ನದೆ ಚಕ್ರ ತಿರುಗುತ್ತಿರಲಿಲ್ಲ. ಒಬ್ಬ ಹುಡುಗಿಯನ್ನು ಮೆಡಿಕಲ್ ಕಾಲೇಜಿನ ಪ್ಲಾಟ್‌ಫಾರ್ಮಿಗೆ ತಲುಪಿಸುವುದು ಏನು ಮಹಾ? ಕಾಂಪಿಟಿಷನ್ ಈಸ್ ದಿ ಮದರ್ ಆಫ್… ಏನೋ ಒಂದು. ನಮ್ಮ ಇಂಗ್ಲಿಷ್ ಲೆಕ್ಚರರ್ ಚಂದ ಹೇಳುತ್ತಿದ್ದರು.

ಜನವರಿ ೩೦

ಅರ್ಜಿ ಎಂದರೆ ಏನೆಂದು ಈಗಿನವರಿಗೆ ಗೊತ್ತಿಲ್ಲ. ನಮ್ಮ ಕಾಲದಲ್ಲಿ ‘ಐ ಬೆಗ್ ಟು ಸ್ಟೇಟ್’ ಎಂದು ಶುರುವಾಗಿ ‘ಯುವರ್ ಮೋಸ್ಟ್ ಒಬೀಡಿಯಂಟ್’ ಎಂದು ಮುಗಿಯುವುದರೊಳಗೆ ಸಾಹೇಬರ ಕಣ್ಣಲ್ಲಿ ನೀರು ಬರುತ್ತಿತ್ತು. ಈ ಎರಡು ವಾರ ಓಡಾಡಿ ಮೃಣಾಲಿನಿಗಾಗಿ ಗಟ್ಟಿಮುಟ್ಟಾದ ಒಂದು ಕಟ್ಟು ಕಟ್ಟಿದೆ. ರಾಯರ ಮಠದ ವ್ಯವಸ್ಥಾಪಕರಿಂದ ನಡತೆಯ ಸರ್ಟಿಫಿಕೇಟು. ದೇವರನಾಮ ಸ್ಪರ್ಧೆಯಲ್ಲಿ ಎರಡನೇ ಬಹುಮಾನ. ನಿವೃತ್ತ ರೈಲ್ವೆ ಡಾಕ್ಟರೊಬ್ಬರಿಂದ, ಈ ಹುಡುಗಿ ರಕ್ತ ಕಂಡರೆ ಹೆದರುವುದಿಲ್ಲ ಎಂದು ಸಹಿ ಸಮೇತ.

ಶ್ರೀಲಕ್ಷ್ಮಿ ನಕ್ಕೂ ನಕ್ಕೂ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಮಾವಾರ, ಇದನ್ನ ಅಲ್ಲೆ ಯಾರೂ ಓದಂಗಿಲ್ಲ. ಪೆನ್ಸಿಲ್‌ಲೆ ಗುಂಡು ತುಂಬೋದು, ಕಂಪ್ಯೂಟರ್ ಮಾರ್ಕ್ ಎಣಸ್ತದ. ಮುಗೀತು.”

ಓದದಿದ್ದರೆ ಅವರ ಕರ್ಮ. ಸಂಜೆ ಬೇಸರದಿಂದ ಮಲ್ಕಾಜ್‌ಗಿರಿ ಸ್ಟೇಷನ್ನಿನ ಬೆಂಚಿಗೆ ಹೋದೆ. ಅಲ್ಲಿ ಜಯತೀರ್ಥ ಸಿಕ್ಕ. ನನ್ನ ಜೊತೆಗೇ ರಿಟೈರ್ ಆದವನು, ಈಗ ಕನ್ನಡ ಸಂಘದ ಕಾರ್ಯದರ್ಶಿ. ನನ್ನ ಕಥೆ ಕೇಳಿ ತೊಡೆ ತಟ್ಟಿದ.

“ಏ ಪ್ರಾಣೇಶಾ, ನಿನ್ನ ಮೊಮ್ಮಗಳು ಹೊರನಾಡ ಕನ್ನಡತಿ ಅಲ್ಲೇನೋ? ಕರ್ನಾಟಕದಾಗ ಅಂಥವರಿಗಂತ ಒಂದಿಷ್ಟು ಸೀಟ್ ತೆಗದಿಟ್ಟಾರಂತ. ಅಲ್ಲಿಯ ಸಿಇಟಿ ಬರೀಬೇಕು. ಜೊತೀಗೆ ಕನ್ನಡ ಓದಲಿಕ್ಕೆ ಬರೀಲಿಕ್ಕೆ ಬರ್ತದ ಅಂತ ಒಂದು ಪರೀಕ್ಷಾ. ಅದರಾಗ ಪಾಸಾದ್ರ ಸಾಕು.”

“ಇಷ್ಟ ಏನು?”

“ಇಷ್ಟ. ಆದ್ರ ನಿನ್ನ ಮೊಮ್ಮಗಳಿಗೆ ‘ಅ’ ಬರೀಲಿಕ್ಕೆ ಬರ್ತದೇನು?”

ಬರುವುದಿಲ್ಲ. ಬಂದೀತು. ಇಷ್ಟು ವರ್ಷ ನಮ್ಮ ಕನ್ನಡದಿಂದ ನಮಗೆ ಒಂದು ಬಸ್ ಸೀಟೂ ಸಿಕ್ಕಿರಲಿಲ್ಲ. ಈಗ ಮೆಡಿಕಲ್ ಸೀಟೇ ಕೊಡುತ್ತಾರಂತೆ!

ಫೆಬ್ರವರಿ ೬

ಪಾಠ ಶುರು. ಮೃಣಾಲಿನಿ ನನ್ನ ಜೊತೆ ಕನ್ನಡ, ಗೆಳತಿಯರ ಜೊತೆ ತೆಲುಗು, ಆಟೋದವನ ಜೊತೆ ಹಿಂದಿ, ಪುಸ್ತಕದ ಜೊತೆ ಇಂಗ್ಲಿಷ್. ಇಷ್ಟೆಲ್ಲ ಇದ್ದೂ ಕ್ಯಾಲೆಂಡರಿನ ಮೇಲಿನ ‘ಏಕಾದಶಿ’ ಓದಲು ತಿಣುಕಿದಳು.

“ಅಜ್ಜಾ, ತೆಲುಗಿನಂಗ ಕಾಣ್ತದ, ಆದ್ರ ಅಲ್ಲ. ಭಾಳ ತ್ರಾಸ್ ಕೊಡ್ತದ ಇದು.”

“ದಾಯಾದಿಗಳು ಒಂದೇ ಥರಾ ಕಾಣ್ತಾರ. ಒಂದೇ ಮನ್ಯಾಗ ಇರ್ತಾರೇನು? ಬರಿ.”

ಸುಭದ್ರಾ ಮಾಡುತ್ತಿದ್ದ ಹಾಗೆ ತಟ್ಟೆಯಲ್ಲಿ ರವೆ ಹರವಿ ಬೆರಳಿನಿಂದ ಬರೆಸಿದೆ. ನನಗೂ ಕನ್ನಡದ ಅಕ್ಷರ ಬಂದದ್ದು ಹಾಗೆಯೇ. ನಾನು ರಾಯಚೂರಿನವನು, ನಿಜಾಮರ ಕಾಲದ ಶಾಲೆ. ಕಲಿತದ್ದು ಅಲಿಫ್ ಬೇ. ಮನೆಯ ಮಾತು ಕನ್ನಡ, ಬರೆಯುವುದೆಲ್ಲ ಉರ್ದು. ಸುಭದ್ರಾ ಧಾರವಾಡದವಳು. ಮದುವೆಯಾದ ವರ್ಷ ತವರಿಗೆ ಹೋಗಿ ನನಗೆ ಪತ್ರ ಬರೆದಳು. ಹೊಸ ಹೆಂಡತಿಯ ಪತ್ರವನ್ನು ಬೇರೆ ಯಾರ ಕೈಯಿಂದ ಓದಿಸುವುದು? ಒಡೆಯದೆ ಹಾಗೇ ಇಟ್ಟುಕೊಂಡಿದ್ದೆ. ಅವಳು ತಿರುಗಿ ಬಂದಳು, ವಿಷಯ ತಿಳಿದು ಹಣೆ ಬಡಿದುಕೊಂಡಳು, ತಟ್ಟೆಗೆ ರವೆ ಸುರಿದಳು. ಪತ್ರ ಓದುವಷ್ಟು ಬಂದಾಗ ಅದರಲ್ಲಿದ್ದದ್ದು ಇಷ್ಟೇ: ಬರುವಾಗ ಬೆಳಗಾವಿಯಿಂದ ಕುಂದಾ ತರಲೋ ಬೇಡವೋ ಕೂಡಲೇ ತಿಳಿಸಿ.

ಇದನ್ನು ಹೇಳಿದಾಗ ಮೃಣಾಲಿನಿ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆನೆಂದು ಕಾಣುತ್ತದೆ. ಶ್ರೀಲಕ್ಷ್ಮಿ ಒಳಗಿನಿಂದ ಬಂದು ಇಬ್ಬರನ್ನೂ ಒಂದು ನಮೂನೆ ನೋಡಿ ಹೋದಳು.

ಫೆಬ್ರವರಿ ೨೦

ಹಿಂದಿನ ಓಣಿಯ ಗದಿಗೆಮ್ಮ ಬಂದಿದ್ದಳು. ಹುಮನಾಬಾದಿನ ಕಡೆಯವರು. ಮಗನದು ಬೇಗಂ ಬಜಾರಿನಲ್ಲಿ ಬೇಳೆ ಬೆಲ್ಲದ ಸಗಟು ಅಂಗಡಿ. ಹೋದ ವರ್ಷ ಇಲ್ಲಿ ಮನೆ ಕಟ್ಟಿಸಿದರು. ಜೊತೆಗೆ ಮೊಮ್ಮಗಳು ತೇಜಸ್ವಿನಿ. ಈ ಹುಡುಗಿ ಮೃಣಾಲಿನಿಯ ಕಾಲೇಜೇ, ಅವಳ ತರಗತಿಯೇ.

“ರಾಯರ, ನಿಮ್ಮ ಹುಡುಗಿಗೆ ಕನ್ನಡ ಕಲಸಾಕತ್ತೀರಂತ. ನಮ್ಮ ತೇಜೂಗೂ ನಾಕಕ್ಷರ ಕಲಸ್ರಿ. ನಮ್ಮನ್ಯಾಗೂ ಕನ್ನಡನ ಮಾತಾಡ್ತೀವಿ, ಬರಿಯಾಕ ಬರಂಗಿಲ್ಲ ಅಷ್ಟ. ಇಕಿಗೂ ಡಾಕ್ಟರ್ ಆಗೋ ಹುಚ್ಚು ಐತ್ರಿ.”

ಎದುರಿಗೆ ಬಂದು ಕೇಳಿದವರಿಗೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಆಗಲಿ ಎಂದೆ. ಕಾಫಿ ಕೊಡಿಸಿದೆ. ಹೊರಗಿನವರಿಗೆಂದು ಸುಭದ್ರಾ ವರಾಂಡದ ಗೂಡಿನಲ್ಲಿ ಇಟ್ಟಿದ್ದ ಗಾಜಿನ ಲೋಟ ಇತ್ತಲ್ಲ, ಅದರಲ್ಲಿ. ಗದಿಗೆಮ್ಮ ಕುಡಿದು, ತಾನೇ ತೊಳೆದು, ಮತ್ತೆ ಗೂಡಿನಲ್ಲೇ ಇಟ್ಟು ಹೋದಳು. ಪದ್ಧತಿ ಗೊತ್ತಿರುವ ಹೆಂಗಸು.

ಅವರು ಹೋದ ಮೇಲೆ ಮೃಣಾಲಿನಿಯನ್ನು ಕೇಳಿದೆ, ಆ ಹುಡುಗಿ ಓದಿನಲ್ಲಿ ಹೇಗೆ ಎಂದು.

“ತೇಜೂ? ಕಾಲೇಜಿಗೇ ಫಸ್ಟ್, ಅಜ್ಜಾ.”

“ನೀನು?”

“ನಾ ಹತ್ತರೊಳಗ ಬರ್ತೀನಿ. ದಿನಾ ಅಲ್ಲ.”

ಫೆಬ್ರವರಿ ೨೧

ಚಾರ್ಟು ಹಾಕಿ ನೋಡಿದೆ. ಹೊರನಾಡಿನವರ ಸೀಟು ಕೆಲವೇ. ಇಬ್ಬರೂ ಅದೇ ಹಳಿಯ ಮೇಲೆ. ಕನ್ನಡದಲ್ಲಿ ಇಬ್ಬರೂ ಪಾಸಾದರೆ, ಸಿಇಟಿಯಲ್ಲಿ ಮಾರ್ಕು ಹೆಚ್ಚು ತೆಗೆಯುವ ತೇಜಸ್ವಿನಿಯೇ ಮುಂದೆ. ಕನ್ನಡ ಬಾರದಿದ್ದರೆ ಅವಳ ಗಾಡಿ ಹೊರಡುವುದೇ ಇಲ್ಲ. ಹಾಗಾದರೆ ಅವಳ ಗಾಡಿಗೆ ಸಿಗ್ನಲ್ ಯಾರ ಕೈಯಲ್ಲಿದೆ? ನನ್ನ ಕೈಯಲ್ಲಿ.

ಮಾರ್ಚ್ ೫

ಭಾನುವಾರದ ಪಾಠ ಸರಾಗವಾಗಿ ನಡೆದಿದೆ. ತೇಜಸ್ವಿನಿಯನ್ನು ಲೂಪ್ ಲೈನಿಗೆ ಹಾಕಿದ್ದೇನೆ. ದ್ವೇಷವೇನಿಲ್ಲ. ಒಳ್ಳೆಯ ಹುಡುಗಿ, ಬಾಗಿಲಲ್ಲಿ ಚಪ್ಪಲಿಯನ್ನು ಜೋಡಿಸಿ ಬಿಡುತ್ತಾಳೆ. ಆದರೆ ಯಾವ ಗಾಡಿಗೆ ಎಷ್ಟು ದಾರಿ ಎಂಬುದನ್ನು ನೋಡಲೇಬೇಕಾಗುತ್ತದೆ. ಅವಳಿಗೆ ಓದುವುದಷ್ಟೇ ಕೊಡುತ್ತೇನೆ, ದಾಸರ ಪದಗಳನ್ನು ರಾಗವಾಗಿ ಓದುವುದು. ಉಕ್ತಲೇಖನ, ಪ್ರಬಂಧ, ಪತ್ರ ಬರೆಯುವುದು ಎಲ್ಲವೂ ವಾರದ ನಡುವೆ ಮೃಣಾಲಿನಿ ಒಬ್ಬಳಿಗೆ. ಬರೆಯಲು ಬಾರದೆ ಬರೆಯುವ ಪರೀಕ್ಷೆ ಯಾರು ಪಾಸಾದಾರು? ಇದಕ್ಕೆ ಇಂಗ್ಲಿಷಿನಲ್ಲಿ ಸರ್ವೈವಲ್ ಆಫ್ ದಿ… ಫಾಸ್ಟೆಸ್ಟ್ ಅನ್ನುತ್ತಾರೆ.

ಗದಿಗೆಮ್ಮ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದಳು. ನಮ್ಮಲ್ಲಿ ಹೊರಗಿನದು ಉಣ್ಣುವ ರೂಢಿಯಿಲ್ಲ. ಉಳ್ಳಾಗಡ್ಡಿ ಬೇರೆ ಹಾಕಿರುತ್ತಾರೆ. ಮಕ್ಕಳು ಮುಗಿಸಿದರು.

ಮಾರ್ಚ್ ೧೨

ಪಾಠವಾಯಿತು. ಕುತ್ತಿಗೆ ನೋವು. ನಿದ್ದೆ ಸರಿಯಿಲ್ಲ. ದಿಂಬು ಬದಲಿಸಬೇಕು.

ಏಪ್ರಿಲ್ ೫, ಯುಗಾದಿ

ಬೇವು ಬೆಲ್ಲ ತಿಂದದ್ದೇ ತಿಂದದ್ದು, ಬೇವೊಂದೇ ಬಾಯಲ್ಲಿ ಉಳಿಯಿತು.

ಇಂಟರ್ ಪರೀಕ್ಷೆ ಮುಗಿದಿದೆ, ಈಗ ಎಂಸೆಟ್ಟು ಸಿಇಟಿಗಳಿಗೆ ತಾಲೀಮು. ಮೃಣಾಲಿನಿಯ ಕೋಚಿಂಗ್ ಪರೀಕ್ಷೆಯಲ್ಲಿ ಫಿಸಿಕ್ಸ್ ಮಾರ್ಕು ದಡದಡ ಏರಿದೆ. ಮೊದಲು ಆ ವಿಷಯ ಬಂದರೆ ಉಗುರು ಕಚ್ಚುತ್ತಿದ್ದ ಹುಡುಗಿ. ನಾನು ಹೆಮ್ಮೆಯಿಂದ ಬೆನ್ನು ತಟ್ಟಿದೆ.

“ಇದೆಲ್ಲಾ ತೇಜೂನ ಪುಣ್ಯ ಅಜ್ಜಾ. ದಿನಾ ಸಂಜೀಕ ಅಕಿ ಮನ್ಯಾಗ ನನಗ ಫಿಸಿಕ್ಸ್ ಹೇಳ್ತಾಳ.”

“ಪುಕ್ಕಟೆ ಹೇಳ್ತಾಳೇನು?”

“ಪುಕ್ಕಟೆ ಯಾಕ? ನೀವು ನನಗ ಮಾಡಿಸಿದ ಉಕ್ತಲೇಖನ ಎಲ್ಲಾ ನಾ ಅಕಿಗೆ ಮಾಡಸ್ತೀನಿ.”

ನನ್ನ ಕೈಯಲ್ಲಿದ್ದ ಹೋಳಿಗೆ ತಟ್ಟೆಗೆ ಬಿತ್ತು. ಒಂದು ತಿಂಗಳಿನಿಂದ ನಾನು ನಿಲ್ಲಿಸಿದ್ದೇನೆ ಅಂದುಕೊಂಡ ಗಾಡಿ ಹಿಂದಿನ ಓಣಿಯಿಂದ ಭರ್ತಿ ಓಡುತ್ತಿತ್ತು.

ಮೃಣಾಲಿನಿ ನನ್ನ ಮುಖವನ್ನೇ ನೋಡಿದಳು. ನಗಲಿಲ್ಲ. “ಅಜ್ಜಾ, ಅಕಿಗೆ ಬರೀಲಿಕ್ಕೆ ಯಾಕ ಕೊಡವಲ್ರಿ ಅಂತ ನನಗ ಗೊತ್ತದ. ಅಕಿಗೂ ಗೊತ್ತದ.”

“ಅಕಿಗೂ ಗೊತ್ತದ? ಮತ್ತ ಯಾಕ ಬರ್ತಾಳ ಪ್ರತಿ ವಾರ?”

“ದಾಸರ ಪದಾ ಭಾಳ ಚಂದ ಹೇಳ್ತೀರಂತ.”

“ಹುಚ್ಚಿ, ಅಕಿ ಪಾಸಾದ್ರ ನಿನ್ನ ಸೀಟ್ ಹೋಗ್ತದ. ಅಷ್ಟೂ ತಿಳಿಯಂಗಿಲ್ಲೇನು ನಿನಗ?”

“ನಕ್ಕೋ ಅಜ್ಜಾ, ಬ್ಯಾಡ. ಅಕಿನ್ನ ಮನ್ಯಾಗ ಕೂಡಿಸಿ ನಾ ಡಾಕ್ಟರ್ ಆದ್ರ, ನಾಳೆ ಗದಿಗೆಮ್ಮಜ್ಜಿಗೆ ಆರಾಮಿಲ್ಲ ಅಂದಾಗ ಯಾವ ಮುಖಾ ಇಟಗೊಂಡು ನಾಡಿ ಹಿಡೀಲಿ?”

ಹದಿನೇಳರ ಹುಡುಗಿಯರಿಗೆ ನಾಲಿಗೆ ಬಹಳ ಉದ್ದ. ಸುಭದ್ರಾಳದೂ ಹೀಗೇ ಇತ್ತು.

ಏಪ್ರಿಲ್ ೯

ಇಬ್ಬರಿಗೂ ಉಕ್ತಲೇಖನ ಕೊಟ್ಟೆ. ಒಬ್ಬರಿಗೊಬ್ಬರು ಕದ್ದುಮುಚ್ಚಿ ಹೇಳಿಕೊಟ್ಟರೆ ತಪ್ಪುಗಳು ಹಾಗೇ ಉಳಿಯುತ್ತವೆ, ಅದಕ್ಕಾಗಿ ಅಷ್ಟೇ. ತೇಜಸ್ವಿನಿಯ ಅಕ್ಷರ ನಮ್ಮವಳದಕ್ಕಿಂತ ದುಂಡಗಿದೆ.

ಜಯತೀರ್ಥ ಸಂಘದಲ್ಲಿ ಊದಿಬಿಟ್ಟಿದ್ದಾನೆ. ರಾಜ್ಯೋತ್ಸವಕ್ಕೆ ಒಂದು ದಿನ ತಲೆ ಹಾಕದವರೆಲ್ಲ ಈಗ ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದಾರೆ. ಕೂಕಟ್‌ಪಲ್ಲಿಯಿಂದ ಒಬ್ಬರು ಕಾರಿನಲ್ಲಿ ಬಂದರು. “ನಮ್ಮ ಮದರ್ ಟಂಗ್ ಕನ್ನಡಾನೇ ಸಾರ್” ಎಂದು ಇಂಗ್ಲಿಷಿನಲ್ಲಿ ಅರ್ಧ ಗಂಟೆ ವಿವರಿಸಿದರು. ಪಡಸಾಲೆ ಸಾಲದೆ ಸುಭದ್ರಾಳ ಪೂಜೆಯ ಕೋಣೆಯ ಮುಂದಿನ ಜಾಗವನ್ನೂ ತೆರವು ಮಾಡಿದೆ. ಅವಳ ಕುರ್ಚಿ ಮೂಲೆಯಲ್ಲಿ ಮುಚ್ಚಿಟ್ಟಿತ್ತು, ಸುಮ್ಮನೆ ಜಾಗ ತಿನ್ನುತ್ತಿತ್ತು, ತೆಗೆದು ಪಡಸಾಲೆಗೆ ಹಾಕಿಸಿದೆ. ಗದಿಗೆಮ್ಮನೋರಿಗೆ ಮಂಡಿ ನೋವು, ನೆಲದ ಮೇಲೆ ಕೂರಲು ಆಗುವುದಿಲ್ಲ.

ಪೆನ್ಸಿಲುಗಳು ಮನೆಯ ತುಂಬ ಉರುಳಾಡುತ್ತಿದ್ದವು. ಗೂಡಿನ ಗಾಜಿನ ಲೋಟ ತಂದು ಅದರಲ್ಲಿ ನಿಲ್ಲಿಸಿದೆ. ಅಳತೆ ಮಾಡಿಸಿದ ಹಾಗೆ ಸರಿಹೋಯಿತು.

ಏಪ್ರಿಲ್ ೨೩

ಸೆಖೆ. ಗದಿಗೆಮ್ಮನೋರಿಗೂ ನನಗೂ ವಾದ: ಮಾವಿನಕಾಯಿ ಉಪ್ಪಿನಕಾಯಿಗೆ ಬೆಲ್ಲ ಹಾಕಬೇಕೋ ಬೇಡವೋ. “ಬೆಲ್ಲದ ಅಂಗಡಿಯವರು ಹಾಕಬೇಕು ಅಂತನ ಹೇಳ್ತೀರಿ ಬಿಡ್ರಿ” ಎಂದೆ. “ರೈಲಿನೋರು ಇದ್ದಲಿ ಹಾಕ್ರಿ ಹಂಗಾರ” ಅಂದರು. ಮಕ್ಕಳು ಬರೆಯುವುದನ್ನು ಬಿಟ್ಟು ನಕ್ಕರು. ಕಾಫಿಯನ್ನು ಸುಭದ್ರಾಳ ಹೆಸರು ಕೊರೆಸಿದ ಸ್ಟೀಲ್ ಲೋಟದಲ್ಲಿ ಕೊಟ್ಟೆ, ಬೇರೆ ಯಾವುದೂ ಕೈಗೆ ಸಿಗಲಿಲ್ಲ. ಆ ಲೋಟದಲ್ಲಿ ಕಾಫಿ ಬೇಗ ಆರುವುದಿಲ್ಲ ಎಂದು ಅವರೂ ಹೇಳಿದರು.

ಕುತ್ತಿಗೆ ನೋವು ಹೋಗಿದೆ. ದಿಂಬು ಅದೇ.

ಮೇ ೭

ಎಂಸೆಟ್ ಇಬ್ಬರೂ ಬರೆದು ಬಂದರು. ಮುಖ ನೋಡಿದರೆ ಎಂಸೆಟ್ಟಿನ ಆಸೆ ಬಿಡುವುದೇ ಲೇಸು. ಉಳಿದದ್ದು ಬೆಂಗಳೂರಿನ ಸಿಇಟಿ ಮತ್ತು ಕನ್ನಡ.

ಸಂಜೆ ಗದಿಗೆಮ್ಮನೋರು ಒಬ್ಬರೇ ಬಂದರು. ಕೂರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತರು.

“ರಾಯರ, ನನ ಮಗ ತೇಜೂನ್ನ ಬೆಂಗಳೂರಿಗೆ ಕಳಸಂಗಿಲ್ಲ ಅನ್ನಾಕತ್ತಾನ. ಅಂಗಡಿ ಬಿಟ್ಟು ತಾ ಬರಂಗಿಲ್ಲ, ಹುಡುಗಿನ್ನ ಒಬ್ಬಾಕಿನ್ನ ಕಳಸಂಗಿಲ್ಲ. ಇಲ್ಲೇ ಡಿಗ್ರಿ ಓದ್ಲಿ, ವರಾ ನೋಡೂನು ಅಂತಾನ. ನಾ ಹೋಗ್ತೀನಿ ಅಂದ್ರ ನಿನ್ನ ಕಾಲಿಗೆ ಗಾಡಿ ಹತ್ತಾಕ ಬರ್ತದೇನು ಅಂತ ನಗ್ತಾನ. ನೀವು ಮೃಣಾಲಿನಿ ಕರಕೊಂಡು ಹೊಂಟೀರಲ್ಲ… ಜೋಡಿ ಅಕಿನ್ನೂ…”

ನಾನು ಹೇಳಿದೆ: “ನನ್ನ ರೈಲ್ವೆ ಪಾಸಿನ್ಯಾಗ ಅಕಿನ್ನ ಹಾಕಲಿಕ್ಕೆ ಬರಂಗಿಲ್ಲರಿ. ಸೀಸನ್ ಬ್ಯಾರೆ. ಈಗ ಬರ್ತ್ ಎಲ್ಲಿ ಸಿಗ್ತದ?”

“ನೀವಽ ಹಂಗ ಅಂದ್ರ ಆತ್ ಬಿಡ್ರಿ” ಎಂದರು. ಕಾಫಿ ಬೇಡವೆಂದು ಹೊರಟರು. ಗೇಟು ಹಾಕುವಾಗ ಸದ್ದಾಗದಂತೆ ಹಾಕಿದರು.

ನಾನು ಹೇಳಿದ್ದು ಸುಳ್ಳಲ್ಲ. ಪಾಸಿನಲ್ಲಿ ಹಾಕಲು ಬರುವುದಿಲ್ಲ. ಸೀಸನ್ನೂ ಹೌದು. ಮೃಣಾಲಿನಿಗೆ ಈಗ ಹಸಿರು ಸಿಗ್ನಲ್ ನೇರ ಬೆಂಗಳೂರಿನವರೆಗೆ ಕಾಣುತ್ತಿದೆ. ನಾನು ಏನೂ ಮಾಡಬೇಕಾಗಿಲ್ಲ. ಏನೂ ಮಾಡದೆ ಸುಮ್ಮನಿದ್ದರೆ ಸಾಕು.

ಮೇ ೮

ಮೂವತ್ತು ವರ್ಷದಲ್ಲಿ ಎಷ್ಟೋ ಗಾಡಿಗಳನ್ನು ಲೂಪಿನಲ್ಲಿ ನಿಲ್ಲಿಸಿದ್ದೇನೆ. ನಿಲ್ಲಿಸಿ ಮರೆತದ್ದು ಒಂದೂ ಇಲ್ಲ. ಹಿಂದಿನದು ದಾಟಿತೋ, ನಿಂತದ್ದಕ್ಕೆ ಕೂಡಲೇ ದಾರಿ. ನಿಲ್ಲಿಸಿದವನೇ ಹೊರಡಿಸಬೇಕು. ಅದು ಕಂಟ್ರೋಲರನ ಧರ್ಮ, ಬೇರೇನೂ ಅಲ್ಲ. ಹೀಗೇ ನೆನಪಾಯಿತು, ಬರೆದೆ.

ಮೇ ೯

ಬೆಳಿಗ್ಗೆ ಸಿಕಂದರಾಬಾದ್ ರಿಸರ್ವೇಷನ್ ಆಫೀಸಿಗೆ ಹೋಗಿ ಹಳೆಯ ಶಿಷ್ಯನೊಬ್ಬನ ಕುತ್ತಿಗೆಯ ಮೇಲೆ ಕೂತೆ. ಒಂದೇ ಕಡೆ ಮೂರು ಬರ್ತು ಸಿಕ್ಕವು. ಮೂರನೆಯದು ಬೇರೆ ಯಾರಿಗೋ ಹೋಗಿ ಅವರು ಗೊರಕೆ ಹೊಡೆದು ಮೃಣಾಲಿನಿಯ ನಿದ್ದೆ ಕೆಡಿಸುವ ಬದಲು ಇದೇ ವಾಸಿ.

ಆಮೇಲೆ ಬೇಗಂ ಬಜಾರಿಗೆ ಹೋದೆ. ಗದಿಗೆಮ್ಮನೋರ ಮಗ ಬೆಲ್ಲದ ಪೆಂಟೆಗಳ ನಡುವೆ ಕೂತಿದ್ದ. ಟಿಕೆಟ್ಟು ಅವನ ತಕ್ಕಡಿಯ ಮೇಲಿಟ್ಟೆ. “ನನ್ನ ಮೊಮ್ಮಗಳ ಜೋಡಿ ಹೋಗ್ತಾಳ, ನನ್ನ ಮೊಮ್ಮಗಳ ಜೋಡಿ ಬರ್ತಾಳ. ನಡುವ ಏನಾದ್ರೂ ಆದ್ರ ನನ್ನ ಕೇಳು” ಎಂದೆ. ಕಂಟ್ರೋಲ್ ರೂಮಿನ ದನಿ ಇನ್ನೂ ಗಂಟಲಲ್ಲಿದೆ. ಆತ ಎದ್ದು ನಿಂತು, “ಆತ್ರಿ ಕಾಕಾ” ಅಂದ. ಟಿಕೆಟ್ಟಿನ ದುಡ್ಡು ಕೊಡಲು ಬಂದ. ಬೇಡವೆಂದದ್ದಕ್ಕೆ ಅಚ್ಚು ಬೆಲ್ಲ ಕಟ್ಟಿಕೊಟ್ಟ. ಉಪ್ಪಿನಕಾಯಿಗೆ ಹಾಕಿ ನೋಡಬೇಕು.

ಮೇ ೩೧

ಬೆಂಗಳೂರಿನಿಂದ ಇವತ್ತು ಬೆಳಿಗ್ಗೆ ಬಂದೆವು. ಹೋಗುವ ಸಂಜೆ ಕಾಚಿಗುಡ ಬಿಟ್ಟು ಮೆಹಬೂಬ್‌ನಗರ ದಾಟಿದ ಮೇಲೆ ಒಂದು ಸಣ್ಣ ಸ್ಟೇಷನ್ನಿನಲ್ಲಿ ಗಾಡಿ ನಿಂತಿತು. ಜನ ಗೊಣಗತೊಡಗಿದರು. ಒಂಟಿ ಹಳಿ, ಎದುರಿನಿಂದ ಗಾಡಿ ಬರುವುದಿದೆ ಎಂದು ಹುಡುಗಿಯರಿಗೆ ವಿವರಿಸಿದೆ. ಈ ಸ್ಟೇಷನ್ ಮಾಸ್ತರರ ಜೊತೆ ಫೋನಿನಲ್ಲಿ ಇಪ್ಪತ್ತು ವರ್ಷ ಜಗಳವಾಡಿದ್ದೇನೆ, ಊರನ್ನು ಕಣ್ಣಾರೆ ನೋಡಿದ್ದು ಅವತ್ತೇ. ಒಂದು ಬೇವಿನ ಮರವಿದೆ. ಚಾರ್ಟಿನಲ್ಲಿ ಅದು ಇರಲಿಲ್ಲ.

ತೇಜಸ್ವಿನಿ ಬುತ್ತಿ ಬಿಚ್ಚಿದಳು. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ. ಮೂರು ತಿಂದೆ. ಉಳ್ಳಾಗಡ್ಡಿ ಇರಲಿಲ್ಲ, ಇದ್ದರೂ ಕಾಣುತ್ತಿರಲಿಲ್ಲ, ದೀಪ ಮಂಕಾಗಿತ್ತು.

ಸಿಇಟಿ ಚೆನ್ನಾಗಿ ಆಯಿತಂತೆ. ಕನ್ನಡದ ಪರೀಕ್ಷೆಯಲ್ಲಿ ‘ನಮ್ಮ ಊರು’ ಎಂದು ಪ್ರಬಂಧ ಕೊಟ್ಟಿದ್ದರಂತೆ. ಹೊರಬಂದ ಕೂಡಲೇ ಇಬ್ಬರೂ ಜಗಳ.

“ನೀ ಯಾವೂರು ಬರದಿ?”

“ಹುಮನಾಬಾದ್ ಬರಿಯೋಣ ಅಂತ ಕುಂತೆ. ಎರಡು ಸಾಲಿಗೆ ಖಾಲಿ ಆತು. ಅಳಿಸಿ ಬೇಗಂ ಬಜಾರ್ ಬರದೆ. ಹಾಳಿ ಸಾಲಲಿಲ್ಲ ನೋಡು.”

“ನಾ ಮಲ್ಕಾಜ್‌ಗಿರಿ. ಅಜ್ಜಾನ ಬೆಂಚೂ ಹಾಕೀನಿ.”

ನಾನಾಗಿದ್ದರೆ ರಾಯಚೂರು ಬರೆಯುತ್ತಿದ್ದೆ. ಎಷ್ಟು ಸಾಲಿಗೆ ಖಾಲಿಯಾಗುತ್ತಿತ್ತೋ.

ಜೂನ್ ೨೫

ಕನ್ನಡದಲ್ಲಿ ಇಬ್ಬರೂ ಪಾಸು. ಸಂಘದ ಮಕ್ಕಳಲ್ಲಿ ಕೂಕಟ್‌ಪಲ್ಲಿಯವರನ್ನು ಬಿಟ್ಟು ಎಲ್ಲರೂ ಪಾಸು. ಸಿಇಟಿಯಲ್ಲಿ ತೇಜಸ್ವಿನಿ ಬಹಳ ಮುಂದೆ. ಮೃಣಾಲಿನಿ ನಾವು ಅಂದುಕೊಂಡದ್ದಕ್ಕಿಂತ ಮುಂದೆ, ಬೇಕಾದದ್ದಕ್ಕಿಂತ ಸ್ವಲ್ಪ ಹಿಂದೆ. ದೇರ್ ಈಸ್ ಮೆನಿ ಎ ಸ್ಲಿಪ್ ಎಂದೇನೋ ಇದೆ, ಕಪ್ಪು ಬರುತ್ತದೆ ಅದರಲ್ಲಿ. ನಡೆಯಲಿ, ಇನ್ನೂ ಮುಗಿದಿಲ್ಲ.

ಜುಲೈ ೨೯

ನಿನ್ನೆ ಬೆಂಗಳೂರಿನಲ್ಲಿ ಸೀಟು ಹಂಚುವ ದಿನ. ದೊಡ್ಡ ಹಾಲು. ಮೇಲೆ ಟಿವಿಯ ಪರದೆಯಲ್ಲಿ ಕಾಲೇಜುಗಳ ಹೆಸರು, ಎದುರಿಗೆ ಉಳಿದ ಸೀಟು. ಒಬ್ಬೊಬ್ಬರು ಒಳಗೆ ಹೋದಂತೆ ಅಂಕಿ ಇಳಿಯುತ್ತದೆ. ನನಗೆ ಹಳೆಯ ಕಂಟ್ರೋಲ್ ರೂಮಿನಲ್ಲಿ ಕೂತ ಹಾಗಾಯಿತು. ಒಂದೇ ವ್ಯತ್ಯಾಸ, ಇಲ್ಲಿ ನನ್ನ ಮಾತು ಯಾರೂ ಕೇಳುವಂತಿಲ್ಲ.

ಹೊರನಾಡಿನವರ ಸಾಲಿನಲ್ಲಿ ಮೆಡಿಕಲ್ ಸೀಟು ಒಂದೇ ಉಳಿಯಿತು, ಗುಲಬರ್ಗಾದ್ದು. ಆಗ ತೇಜಸ್ವಿನಿಯ ಹೆಸರು ಕೂಗಿದರು. ಎದ್ದವಳು ನಾಲ್ಕು ಹೆಜ್ಜೆ ಹೋಗಿ ನಿಂತುಬಿಟ್ಟಳು. ತಿರುಗಿ ಮೃಣಾಲಿನಿಯನ್ನು ನೋಡಿದಳು. ಮತ್ತೊಮ್ಮೆ ಹೆಸರು ಕೂಗಿದರು.

“ಮೃಣಾಲಿನೀ, ನಾ ಡೆಂಟಲ್ ತಗೋತೀನಿ. ನಿನ್ನ ಹೆಸರೂ ಬರ್ತದ ಈಗ…”

“ಏ ಹುಚ್ಚಿ! ಸಿಗ್ನಲ್ ಕೊಟ್ಟಾರ, ಹೋಗಽ! ನಿಂತಿ ಅಂದ್ರ ಅಜ್ಜಾ ಇಬ್ಬರನ್ನೂ ಸಸ್ಪೆಂಡ್ ಮಾಡ್ತಾನ!”

ಇಡೀ ಹಾಲು ನಮ್ಮ ಕಡೆ ತಿರುಗಿತು. ತೇಜಸ್ವಿನಿ ಅಳುತ್ತಲೇ ಓಡಿದಳು. ಪರದೆಯ ಮೇಲೆ ಒಂದು ಹೋಗಿ ಸೊನ್ನೆಯಾಯಿತು.

ಮೂರನೆಯ ಬರ್ತಿನ ಲೆಕ್ಕ ಒಮ್ಮೆ ಮನಸ್ಸಿಗೆ ಬಂತು. ಬಂದು ಹೋಯಿತು. ಪಕ್ಕದಲ್ಲಿ ಮೃಣಾಲಿನಿ ನನ್ನ ಕೈ ಹಿಡಿದುಕೊಂಡಳು. ನಾನೂ ಹಿಡಿದುಕೊಂಡೆ.

ಅವಳ ಸರದಿಯಲ್ಲಿ ಡೆಂಟಲ್ ಸೀಟು ತೋರಿಸಿದರು. “ಬ್ಯಾಡ್ರಿ” ಅಂದಳು. ಮೇಜಿನ ಹಿಂದಿನ ಅಧಿಕಾರಿ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. “ಅಜ್ಜಾ, ನೀವು ಹೇಳಿ. ಬಿಟ್ಟರೆ ಹೋಯ್ತು.”

“ಅಕಿ ಹೇಳಿದ್ದ ಖರೆ” ಎಂದೆ.

ಬರುವಾಗ ಅದೇ ಸ್ಟೇಷನ್ನು, ಅದೇ ಲೂಪು, ಅದೇ ಬೇವಿನ ಮರ. ಬೆಳಗಿನ ಬಿಸಿಲು. ತೇಜಸ್ವಿನಿ ಮೇಲಿನ ಬರ್ತಿನಲ್ಲಿ ಮಲಗಿದ್ದಳು. ಮೃಣಾಲಿನಿ ಕಿಟಕಿಗೆ ತಲೆಯಾನಿಸಿ ಕೇಳಿದಳು: “ಅಜ್ಜಾ, ನಾ ಈಗ ಲೂಪ್ ಲೈನಿನ್ಯಾಗ ಅದೀನಲ್ಲ?”

“ಲೂಪ್ ಲೈನೂ ಹಳೀನ ಅದವಾ, ಹೊಲಾ ಅಲ್ಲ.”

“ಲಾಂಗ್ ಟರ್ಮ್ ಕೋಚಿಂಗ್ ಸೇರ್ತೀನಿ. ಇನ್ನೊಂದು ವರ್ಷ ಅಷ್ಟ. ಅಮ್ಮಗ ನೀವು ಹೇಳ್ರಿ” ಅಂದಳು.

ಹೇಳಿದೆ. ಶ್ರೀಲಕ್ಷ್ಮಿ ಒಳಗಿನಿಂದ ಬಾಚಣಿಗೆ ತಂದಳು. ಆಮೇಲೆ ಮಗಳ ತಲೆಗೆ ಎಣ್ಣೆ ಹಚ್ಚಲು ಕೂತಳು. ಜಾವಾದ ಮಾತು ಎತ್ತಲಿಲ್ಲ.

ಸೆಪ್ಟೆಂಬರ್ ೧೭

ಬಹಳ ದಿನವಾಯಿತು ಬರೆದು. ಪುರುಸೊತ್ತು ಎಲ್ಲಿದೆ? ಭಾನುವಾರ ಎರಡು ತಂಡ. ಬರುವ ವರ್ಷ ಬರೆಯುವವರು ಈಗಲೇ ಬಂದಿದ್ದಾರೆ. ಉಕ್ತಲೇಖನ ಮೃಣಾಲಿನಿ ನೋಡಿಕೊಳ್ಳುತ್ತಾಳೆ. ನಸುಕಿನಲ್ಲೇ ಎದ್ದು ಕೋಚಿಂಗಿಗೆ ಹೋಗುತ್ತಾಳೆ, ಮೊದಲು ನಾನು ಎಬ್ಬಿಸಬೇಕಾಗಿತ್ತು, ಈಗ ಅವಳೇ ನನ್ನನ್ನು ಎಬ್ಬಿಸುತ್ತಾಳೆ. ತೇಜಸ್ವಿನಿ ಹೋಗುವಾಗ ತನ್ನ ಫಿಸಿಕ್ಸ್ ನೋಟ್ಸು ಪೂರ್ತಿ ಕೊಟ್ಟು ಹೋಗಿದ್ದಾಳೆ. ಅಂಚಿನಲ್ಲೆಲ್ಲ ಕನ್ನಡದಲ್ಲಿ ಬರೆದಿದ್ದಾಳೆ: ಇಲ್ಲಿ ನೀನು ತಪ್ಪುತ್ತಿ, ಹುಷಾರು.

ಈಗಷ್ಟೇ ಅವಳ ಫೋನು ಬಂದಿತ್ತು, ಗುಲಬರ್ಗಾದಿಂದ. ಹೆಣ ಕೊಯ್ದದ್ದನ್ನೆಲ್ಲ ಇಲ್ಲೇ ಕೂತಿದ್ದ ತನ್ನ ಅಜ್ಜಿಗೆ ವರ್ಣಿಸಿ, ಅವರು ರಾಮ ರಾಮ ಎಂದು ರಿಸೀವರ್ ನನ್ನ ಕೈಗೆ ಕೊಟ್ಟ ಮೇಲೆ ದನಿ ಸಣ್ಣದು ಮಾಡಿ ಕೇಳಿದಳು:

“ಅಜ್ಜಾರ, ಇಲ್ಲೆ ಹಾಸ್ಟೆಲ್‌ನ್ಯಾಗ ಎಲ್ಲಾರೂ ನನ್ನ ಹೈದ್ರಾಬಾದಿ ಅಂತಾರ್ರಿ. ಅಲ್ಲಿದ್ದಾಗ ಕನ್ನಡದಾಕಿ ಅಂತಿದ್ರು. ನಾ ಯಾವೂರಾಕಿ ಹೇಳ್ರಿ?”

“ಗಾಡಿಯ ಬೋರ್ಡ್ ಎಂದಾದ್ರೂ ನೋಡೀಯೇನು? ಎರಡೂರ ಹೆಸರು ಇರ್ತಾವ. ಒಂದ ಊರಿನ ಹೆಸರಿರೋ ಗಾಡಿ ಎಲ್ಲೂ ಹೋಗಂಗಿಲ್ಲವಾ, ಶೆಡ್ಡಿನ್ಯಾಗ ನಿಂತಿರ್ತದ.”

ಆ ಕಡೆ ನಗು ಕೇಳಿಸಿತು. ಅಷ್ಟರಲ್ಲಿ ಮೃಣಾಲಿನಿ ರಿಸೀವರ್ ಕಸಿದುಕೊಂಡಳು. “ಏ ತೇಜೂ, ಕೇಳು, ಬರೋ ವರ್ಷ ನಾ ಬರ್ತೀನಿ. ಯಾವೂರಿಗೆ ಅನ್ನೋದು ಆಮೇಲೆ. ಸ್ಟೆತಸ್ಕೋಪ್ ಎಲ್ಲಿ ಚಲೋ ಸಿಗ್ತದ ನೋಡಿಡು.”

ಹೇಳಬೇಕಾದ್ದು ಇನ್ನೂ ಇದೆ, ಡೈರಿಯಲ್ಲಿ ಹಾಳೆಯೂ ಬೇಕಾದಷ್ಟಿದೆ. ಆದರೆ ಎರಡನೇ ತಂಡದ ಮಕ್ಕಳು ಬಂದು ಪೆನ್ಸಿಲಿಗೆ ಕಿತ್ತಾಡುತ್ತಿದ್ದಾರೆ. ಉಪ್ಪಿನಕಾಯಿ ಯಾಕೆ ಬೂಸು ಹಿಡಿಯಿತು, ಬೆಲ್ಲ ಎಷ್ಟು ಹಾಕಿದಿರಿ ಎಂದು ಗದಿಗೆಮ್ಮನೋರು ಅಡುಗೆಮನೆಯಿಂದ ಕೂಗುತ್ತಿದ್ದಾರೆ. ಹೋಗಿ ಉತ್ತರ ಕೊಡಬೇಕು.